ಸೌಂಡ್‌ಬಾರಿನ ಪಂಚಭೇದ

ವಿಷಯ: ಅಜೆಕಾರಿನ ಒಂದು ಮನೆಯ ಚಾವಡಿಯಲ್ಲಿ ಟಿವಿ ಇದೆ. ಅದರ ಕಾಲಬುಡದಲ್ಲಿ ಸೌಂಡ್‌ಬಾರ್ ಇದೆ. ಎದುರಿಗೆ ಪ್ರಬಂಧಕಾರನ ಅಮ್ಮ ಕೂತಿದ್ದಾರೆ. ಟಿವಿಯಲ್ಲಿ ಯಕ್ಷಗಾನ. ಭಾಗವತರ ಬಾಯಿ ಮುಚ್ಚಿದ ಮೇಲೆ ಪದ ಕೇಳುತ್ತದೆ. ವೇಷದ ಕಾಲು ನೆಲಕ್ಕೆ ಬಿದ್ದ ಮೇಲೆ ಚೆಂಡೆಯ ಪೆಟ್ಟು ಬರುತ್ತದೆ. ಅಮ್ಮನ ತೀರ್ಪು: "ಭಾಗವತರಿಗೆ ಪ್ರಾಯ ಆಯ್ತು, ಪಾಪ."

ಸಂಶಯ: ದೋಷ ಭಾಗವತರದೋ, ಸೌಂಡ್‌ಬಾರಿನದೋ, ಅಥವಾ ನಡುವೆ ಇಲ್ಲದೇ ಇರುವ ಕೇಬಲಿನದೋ? ಇಲ್ಲದ ವಸ್ತುವಿಗೆ ದೋಷ ಅಂಟುತ್ತದೆಯೇ ಎಂಬುದು ಉಪಸಂಶಯ.

ಪೂರ್ವಪಕ್ಷ: ಮೊದಲಿಗರು ಬ್ಲೂಟೂತಿನ ಶೂನ್ಯವಾದಿಗಳು. ಇವರ ಮತದಲ್ಲಿ ಕೇಬಲೆಂಬುದೇ ಮಿಥ್ಯೆ. ಆದರೆ ಬ್ಲೂಟೂತು ಶಬ್ದವನ್ನು ಕುಗ್ಗಿಸಿ, ಗಂಟು ಕಟ್ಟಿ ಕಳಿಸಿ, ಆಚೆ ಬಿಚ್ಚುವಷ್ಟರಲ್ಲಿ ಹೊತ್ತು ಒಂದಿಷ್ಟು ಜಾರುತ್ತದೆ. ವಾರ್ತೆಗೆ ಅದು ಲೆಕ್ಕಕ್ಕಿಲ್ಲ. ಚೆಂಡೆಗೆ ಅದು ಒಂದು ಪೆಟ್ಟು. ಶೂನ್ಯವಾದ ಬಿತ್ತು.

ಬಳಿಕ ಅದ್ವೈತಿಗಳು. 2009ರ ಎಚ್‌ಡಿಎಂಐ 1.4ರಲ್ಲಿ ಎಆರ್‌ಸಿ ಬಂತು: ಟಿವಿಗೆ ಚಿತ್ರ ಒಯ್ಯುವ ತಂತಿಯಲ್ಲೇ ಶಬ್ದ ವಾಪಸು ಬರುತ್ತದೆ. ತಂತಿ ಒಂದೇ, ರಿಮೋಟ್ ಒಂದೇ. 2017ರ 2.1ರೊಡನೆ ಬಂದ ಇಎಆರ್‌ಸಿ ಕುಗ್ಗಿಸದ ಶಬ್ದವನ್ನೂ ಹೊರುತ್ತದೆ. ಸೊಗಸಾದ ಮತವೇ. ಆದರೆ ಇದು ಮಧ್ವರ ಜಿಲ್ಲೆ. ಎಲ್ಲವೂ ಒಂದೇ ಎಂದವರನ್ನು ಇಲ್ಲಿ 13ನೇ ಶತಮಾನದಿಂದ ಸುಮ್ಮನೆ ಬಿಟ್ಟದ್ದಿಲ್ಲ.

ಸಿದ್ಧಾಂತ: ಭೇದವೇ ಸತ್ಯ. ಅದು ಐದು ಬಗೆ.

1. ತೂತಿಗೂ ತೂತಿಗೂ ಭೇದ. ಟಿವಿಯ ಬೆನ್ನಿನಲ್ಲಿ ಮೂರು ಎಚ್‌ಡಿಎಂಐ ತೂತುಗಳಿದ್ದರೂ ಸಾಮಾನ್ಯವಾಗಿ ಒಂದರ ಪಕ್ಕದಲ್ಲಿ ಮಾತ್ರ ಎಆರ್‌ಸಿ ಎಂದು ಬರೆದಿರುತ್ತದೆ. ಉಳಿದವು ನೋಡಲಿಕ್ಕೆ ಒಡಹುಟ್ಟಿದವು, ಕೆಲಸಕ್ಕೆ ಕರೆದರೆ ದಾಯಾದಿಗಳು.

2. ತಂತಿಗೂ ತಂತಿಗೂ ಭೇದ. 1983ರಲ್ಲಿ ತೋಷಿಬಾ ತಂದ ಆಪ್ಟಿಕಲ್ ಕೇಬಲಿನಲ್ಲಿ ಹರಿಯುವುದು ಕರೆಂಟಲ್ಲ, ಕೆಂಪು ಬೆಳಕು. ಸ್ಟೀರಿಯೋವನ್ನೂ 5.1ರ ಡಾಲ್ಬಿ ಡಿಜಿಟಲನ್ನೂ ಅದು ಒಯ್ಯುತ್ತದೆ. ಅಟ್ಮಾಸ್ ಬೇಕಾದವರು ಎಚ್‌ಡಿಎಂಐ ಹಿಡಿಯಬೇಕು. ಒಂದು ಚೆಂಡೆ, ಒಂದು ಮದ್ದಳೆ, ಒಬ್ಬ ಭಾಗವತರಿಗೆ ಸ್ಟೀರಿಯೋ ಧಾರಾಳ.

3. ಬೆಲೆಗೂ ಗುಣಕ್ಕೂ ಭೇದ. ಅಂಗಡಿಯವರು ಚಿನ್ನದ ಲೇಪದ ಕೇಬಲ್ ಎತ್ತಿ, "ಇದರಲ್ಲಿ ಸೌಂಡ್ ಕ್ಲಿಯರ್ ಬರ್ತದೆ ಸಾರ್" ಎಂದರು. ಡಿಜಿಟಲ್ ಶಬ್ದವೆಂದರೆ ಸೊನ್ನೆ, ಒಂದುಗಳ ಸಾಲು. ಸರಿಯಾಗಿ ತಲುಪಿದ ಸೊನ್ನೆ ಚಿನ್ನ ಹಚ್ಚಿದ್ದಕ್ಕೆ ಇನ್ನಷ್ಟು ದುಂಡಗಾಗುವುದಿಲ್ಲ. ಆಪ್ಟಿಕಲ್ ಕೇಬಲಿನ ತುದಿಗೂ ಚಿನ್ನ ಮೆತ್ತುವವರಿದ್ದಾರೆ. ಬೆಳಕಿಗೆ ಬಂಗಾರದ ಹಂಗೇನು?

4. ಸಿಕ್ಕಿಸುವುದಕ್ಕೂ ಸೇರುವುದಕ್ಕೂ ಭೇದ. ಟಿವಿಯ ಸೌಂಡ್ ಔಟ್‌ಪುಟ್‌ನಲ್ಲಿ ಆ ದಾರಿಯನ್ನು ಆರಿಸದಿದ್ದರೆ ತಂತಿ ಬರೀ ಅಲಂಕಾರ. ಆರಿಸಿದ ಮೇಲೂ ಮೌನವಾದರೆ ಪಿಸಿಎಂ ಎಂಬಲ್ಲಿ ಒತ್ತಿ ನೋಡುವುದು.

5. ತಾಮ್ರಕ್ಕೂ ಪ್ಲಾಸ್ಟಿಕ್ಕಿಗೂ ಭೇದ. ನಮ್ಮದು ಘಟ್ಟದ ಬುಡ. ಮಳೆಗಾಲದ ಮೊದಲಿಗೂ ಕೊನೆಗೂ ಸಿಡಿಲು ಡಿಶ್ಶಿನ ತಂತಿ ಹಿಡಿದು ಇಳಿಯುತ್ತದೆ; ಸೆಟ್‌ಟಾಪ್ ಬಾಕ್ಸಿನಿಂದ ಟಿವಿಗೆ, ಟಿವಿಯಿಂದ ಸೌಂಡ್‌ಬಾರಿಗೆ ತಾಮ್ರದ ದಾರಿಯಲ್ಲಿ ನೆಂಟರ ಮನೆ ಸುತ್ತಿದಂತೆ ಸುತ್ತುತ್ತದೆ. ಆಪ್ಟಿಕಲಿನ ಪ್ಲಾಸ್ಟಿಕ್ ಎಳೆಯಲ್ಲಿ ಅದಕ್ಕೆ ದಾರಿಯಿಲ್ಲ. ಅರ್ಥಿಂಗ್ ದೋಷದಿಂದ ತಂತಿಯಲ್ಲಿ ಏಳುವ 'ಗುಂಯ್' ಸದ್ದಿಗೂ ಇಲ್ಲ. ಪ್ಲಗ್ಗಿನಲ್ಲಿ ಮಾತ್ರ ಸಿಡಿಲಿಗೆ ಇನ್ನೂ ಪ್ರವೇಶವಿರುವುದರಿಂದ, ಗುಡುಗಿದೊಡನೆ ಪ್ಲಗ್ ಕೀಳುವ ಕುಲಾಚಾರವನ್ನು ಬಿಡತಕ್ಕದ್ದಲ್ಲ.

ಹೀಗಾಗಿ ಅಜೆಕಾರಿನ ಮಟ್ಟಿಗೆ ಆಪ್ಟಿಕಲೇ ಗತಿ ಎಂದು ಸಿದ್ಧವಾಯಿತು.

ಫಲ: ಕೇಬಲ್ ಬಂತು, ಸಿಕ್ಕಿಸಿದ್ದೂ ಆಯಿತು. ಮೌನ. ಪ್ರಬಂಧಕಾರ ಎರಡು ದಿನ ಐದೂ ಭೇದಗಳನ್ನು ತಿರುವಿ ಹಾಕಿದ. ಮೂರನೆಯ ದಿನ ಪಕ್ಕದ ಮನೆಯ ಆರನೇ ಕ್ಲಾಸಿನ ಹುಡುಗ ಬಂದು, ಕೇಬಲಿನ ತುದಿಗೆ ಧೂಳು ಕೂರದಂತೆ ಹಾಕಿದ್ದ ಪುಟ್ಟ ಪ್ಲಾಸ್ಟಿಕ್ ಟೊಪ್ಪಿಯನ್ನು ಕಳಚಿ ಕೈಗೆ ಕೊಟ್ಟು ಹೋದ. ಈ ಘಟನೆ ಸಿದ್ಧಾಂತದ ಒಳಗೆ ಬರದಂತೆ ಎಚ್ಚರ ವಹಿಸಲಾಗಿದೆ.

ಆ ರಾತ್ರಿ ಅದೇ ಪ್ರಸಂಗ, ಅದೇ ಆಟ. ಕಾಲು ಬಿದ್ದಲ್ಲಿಗೇ ಪೆಟ್ಟು ಬಿತ್ತು, ಬಾಯಿ ತೆರೆದಲ್ಲಿಗೇ ಪದ ಬಂತು. ಪ್ರಬಂಧಕಾರ ಶ್ಲಾಘನೆಗಾಗಿ ಅಮ್ಮನ ಮುಖ ನೋಡಿದ.

ಅಮ್ಮ ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು: "ಇವರು ಬೇರೆ ಭಾಗವತರಾ? ಅಡ್ಡಿಲ್ಲ, ಸಣ್ಣ ಪ್ರಾಯದವರು."