ಕಾರ್ಡಣ್ಣನ ಕನ್ನಡಕ

ತಾಲ್ಲೂಕು ಕೇಂದ್ರ ಅಂದಮೇಲೆ ಅಲ್ಲೊಂದು ಬಸ್ ಸ್ಟ್ಯಾಂಡು, ಒಂದು ಸಂತೆ ಮೈದಾನ, ಒಬ್ಬ ಕಾರ್ಡಣ್ಣ ಇರಲೇಬೇಕು. ತಿಪಟೂರು ಸೀಮೆಯ ನಮ್ಮ ಕಾರ್ಡಣ್ಣ ಆಯಸ್ಸೆಲ್ಲ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆದವರು. ಪಿಂಚಣಿ ಇಲ್ಲ, ಸಾಲವೂ ಇಲ್ಲ, ಇರುವುದೆಲ್ಲ ಕಾರ್ಡು. ಸೊಸೈಟಿಯವರು ಕೊಟ್ಟ ರೆಕ್ಸಿನ್ ಚೀಲದೊಳಗೆ, ಎರಡು ರಬ್ಬರ್ ಬ್ಯಾಂಡಿನ ಬಿಗಿಯಲ್ಲಿ ಬಿಪಿಎಲ್ ಕಾರ್ಡು, ಆಯುಷ್ಮಾನ್ ಕಾರ್ಡು, ಯಶಸ್ವಿನಿ ಕಾರ್ಡು, ಆಭಾ ಕಾರ್ಡು, ಹಿರಿಯ ನಾಗರಿಕರ ಕಾರ್ಡು ಎಲ್ಲವೂ ಲ್ಯಾಮಿನೇಟ್ ಆಗಿ ಕೂತಿವೆ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತರೂ ಚೀಲ ತೊಡೆಯ ಮೇಲೇ ಇರುತ್ತದೆ.

ಸರ್ಕಾರದ ದುಡ್ಡು ಎಲ್ಲೋ ತಮ್ಮ ಹೆಸರಲ್ಲಿ ಕೊಳೆಯುತ್ತಿದೆ, ಸರಿಯಾದ ಕಾರ್ಡನ್ನು ಸರಿಯಾದ ಕಿಟಕಿಯಲ್ಲಿ ತೋರಿಸಿದರೆ ತಾನಾಗಿ ಹೊರಗೆ ಬೀಳುತ್ತದೆ ಅನ್ನುವುದು ಅವರ ನಂಬಿಕೆ. ಇಂಥವರ ಕನ್ನಡಕದ ಕಡ್ಡಿ ಮುರಿಯಿತು. ಹಳೇ ನಂಬರು, ಗಾಜಿನ ತುಂಬ ಗೀರು; ಕಡ್ಡಿ ಇದ್ದಾಗಲೂ ಅದರಲ್ಲಿ ಕಾಣುತ್ತಿದ್ದದ್ದು ಅಷ್ಟಕ್ಕಷ್ಟೇ. ಬೇರೆಯವರಾಗಿದ್ದರೆ ಹೊಸದು ಮಾಡಿಸಿಕೊಳ್ಳುತ್ತಿದ್ದರು. ಕಾರ್ಡಣ್ಣ ಕಡ್ಡಿಗೆ ದಾರ ಸುತ್ತಿ, ಕಾರ್ಡು ನಡೆಯುವ ಕಣ್ಣಿನ ಅಂಗಡಿ ಹುಡುಕಲು ಹೊರಟರು.

ಬಸ್ ಸ್ಟ್ಯಾಂಡ್ ಎದುರಿನ ಆಪ್ಟಿಕಲ್ಸ್‌ನಲ್ಲಿ ‘ಕಂಪ್ಯೂಟರ್ ಕಣ್ಣು ಪರೀಕ್ಷೆ ಉಚಿತ’ ಅಂತ ಬೋರ್ಡೇ ಇದೆ. ಕಾರ್ಡಣ್ಣ ಕುರ್ಚಿಗೆ ಕೂರುವ ಮೊದಲೇ ಗಾಜಿನ ಕೌಂಟರ್ ಮೇಲೆ ಐದೂ ಕಾರ್ಡನ್ನು ಇಸ್ಪೀಟು ಹರಡಿದ ಹಾಗೆ ಹರಡಿದರು.

“ಇದರಲ್ಲಿ ಯಾವುದು ನಡೆಯುತ್ತೆ ನೋಡಪ್ಪ.”

“ಯಾವುದೂ ನಡೆಯಲ್ಲ ಅಣ್ಣ. ಟೆಸ್ಟ್ ಫ್ರೀ, ಫ್ರೇಮು ಗ್ಲಾಸು ಸೇರಿ 900.”

“ಆಯುಷ್ಮಾನ್‌ನಲ್ಲಿ ನನ್ನ ಹೆಸರಲ್ಲಿ ₹5 ಲಕ್ಷ ಇದೆ ಕಣಯ್ಯ! ನಿನ್ನ 900 ಯಾವ ಲೆಕ್ಕ?”

ಹುಡುಗನಿಗೂ ನಗು ಬಂತು. ಲೆಕ್ಕ ತಪ್ಪಲ್ಲ, ದುಡ್ಡು ಇರುವುದೂ ನಿಜ. ಬಡ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಅಂತ 2018ರಲ್ಲೇ ಸಾರಿದ್ದಾರೆ. ಆದರೆ ಅದು ಆಸ್ಪತ್ರೆ ಸೇರಿದವರ ದುಡ್ಡು. ಯೋಜನೆಯ ಪಟ್ಟಿಗೆ ಸೇರುವುದು ಆಸ್ಪತ್ರೆಗಳು, ಅಂಗಡಿಗಳಲ್ಲ. ಅಡ್ಡ ಮಲಗಿದವನಿಗೆ ಲಕ್ಷ ಸಿಕ್ಕೀತು. ನೆಟ್ಟಗೆ ನಡೆದು ಬಂದು ‘ಕಣ್ಣು ಮಂಜು’ ಅಂದವನಿಗೆ ಕಾಸಿಲ್ಲ. ಈ ನಿಯಮ ಬರೆದ ಅಧಿಕಾರಿಗೆ ಕನ್ನಡಕ ಇಲ್ಲದೇ ಇರುತ್ತದೆಯೇ? ಇದ್ದೇ ಇರುತ್ತದೆ.

ಕಾರ್ಡಣ್ಣ ಅಷ್ಟಕ್ಕೆ ಬಿಡುವ ಆಸಾಮಿಯಲ್ಲ. ಅರಳಿಕಟ್ಟೆ ಮೇಲೆ ಕೂತು ಮೊಮ್ಮಗನ ಕೈಯಲ್ಲಿ ಆಯುಷ್ಮಾನ್ ಸಹಾಯವಾಣಿ 14555 ಒತ್ತಿಸಿದರು. ಅದು ಒತ್ತಿ, ಇದು ಒತ್ತಿ ಅಂತ ಹೇಳಿಸಿಕೊಂಡು ಕೊನೆಗೊಂದು ಹೆಣ್ಣು ದನಿ ಸಿಕ್ಕಿತು.

“ಪೇಷೆಂಟ್ ಯಾವ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿದ್ದಾರೆ ಸರ್?”

“ಪೇಷೆಂಟ್ ನಾನೇ ಕಣಮ್ಮ. ಕಟ್ಟೆ ಮೇಲೆ ಕೂತಿದೀನಿ.”

ಮಾತು ಅಲ್ಲಿಗೇ ಮುಗಿಯಿತು. ಯಶಸ್ವಿನಿಯದ್ದೂ ಇದೇ ಹಾಡು, ಮುಖ್ಯವಾಗಿ ಆಪರೇಷನ್ನಿಗೆ. ಪಾಪ ಆ ಯೋಜನೆಗೇ ಆರೋಗ್ಯ ನೆಟ್ಟಗಿಲ್ಲ: 2003ರಲ್ಲಿ ಶುರುವಾಗಿ, 2018ರಲ್ಲಿ ಮಲಗಿ, 2023ರಲ್ಲಿ ಮತ್ತೆ ಎದ್ದು ಕೂತಿದೆ. ಇನ್ನು 14 ಅಂಕಿಯ ಆಭಾ ಕಾರ್ಡಿನಲ್ಲಿ ದುಡ್ಡೇ ಇಲ್ಲ, ಬರೀ ನಂಬರು. ಇದನ್ನು ಸೈಬರ್ ಸೆಂಟರಿನ ಹುಡುಗ ಬಿಡಿಸಿ ಹೇಳಿದಾಗ ಕಾರ್ಡಣ್ಣ ಅವನನ್ನು ಮರುಕದಿಂದ ನೋಡಿ, “ನಿನಗೆ ಗೊತ್ತಿಲ್ಲ, ಮುಂದೆ ಹಾಕ್ತಾರೆ” ಅಂದರು.

ಅಂದಹಾಗೆ ಆಭಾ ಕಾರ್ಡು ಮಾಡಿಸಿದ ದಿನದ್ದೇ ಒಂದು ಕಥೆ. ಕಾರ್ಡಣ್ಣ ಸೈಬರ್ ಸೆಂಟರಿನಲ್ಲಿ ಕ್ಯೂ ನಿಂತಿದ್ದಾಗ ಆಶಾ ಕಾರ್ಯಕರ್ತೆ ಮನೆಗೆ ಬಂದಿದ್ದಳು. ಆಶಾಕಿರಣ ಯೋಜನೆ, ಮನೆಮನೆ ಕಣ್ಣು ತಪಾಸಣೆ, ಬೇಕಾದವರಿಗೆ ಉಚಿತ ಕನ್ನಡಕ. ಅವಳು ಗೋಡೆಗೆ ನೇತುಹಾಕಿದ ಅಕ್ಷರದ ಪಟವನ್ನು ಹೆಂಡತಿ ಓದಿ, ಮುಂದಿನ ತಪಾಸಣೆಗೂ ಹೋಗಿ ಬಂದು, ಕೆಲ ದಿನಕ್ಕೆ ಕನ್ನಡಕ ಹಾಕಿಕೊಂಡರು. ಯೋಜನೆ ಮನೆ ಬಾಗಿಲಿಗೆ ಬಂದಾಗ ಯಜಮಾನರು ಯೋಜನೆ ಹುಡುಕಲು ಪೇಟೆಗೆ ಹೋಗಿದ್ದರು! ಈಗ ಕಾರ್ಡಿನ ಹಿಂಭಾಗದ ಸಣ್ಣಕ್ಷರ ಓದಬೇಕಾದಾಗಲೆಲ್ಲ ಹೆಂಡತಿಯ ಕನ್ನಡಕವೇ ಗತಿ.

ಕಡೆಗೆ ಸರ್ಕಾರಿ ಆಸ್ಪತ್ರೆಗೆ ಹೋದರು. ಹೊರರೋಗಿ ಚೀಟಿ ಮಾಡಿಸಿ ಕಣ್ಣಿನ ವಿಭಾಗಕ್ಕೆ ಹೋದರೆ, ಅಲ್ಲಿನ ನೇತ್ರಾಧಿಕಾರಿ ಚೀಲದ ಕಡೆ ತಿರುಗಿಯೂ ನೋಡದೆ “ಬನ್ನಿ ಯಜಮಾನ್ರೇ, ಗದ್ದ ಇಲ್ಲಿಡಿ” ಅನ್ನಬೇಕೇ! ಕಾರ್ಡಣ್ಣನಿಗೆ ಅನುಮಾನ ಬಂತು. ಕಾರ್ಡು ಕೇಳದ ಪರೀಕ್ಷೆಯೂ ಒಂದು ಪರೀಕ್ಷೆಯೇ?

“ಕಾರ್ಡು ನೋಡಲ್ವಾ ಸಾರ್?”

“ಕಣ್ಣು ನೋಡೋಕೆ ಕಾರ್ಡು ಯಾಕೆ? ಮೇಲೆ ನೋಡಿ.”

ಟ್ರಯಲ್ ಫ್ರೇಮಿಗೆ ಒಂದೊಂದೇ ಗಾಜು ಹಾಕಿ ತೆಗೆದು, ‘ಇದು ಚೆನ್ನಾಗಿದೆಯಾ, ಅದು ಚೆನ್ನಾಗಿದೆಯಾ’ ಅಂತ ಕೇಳಿ, ನಂಬರು ಬರೆದುಕೊಟ್ಟರು. ಆಮೇಲೆ ಟಾರ್ಚ್ ಬಿಟ್ಟು, “ಎರಡೂ ಕಣ್ಣಲ್ಲಿ ಪೊರೆ ಶುರುವಾಗಿದೆ. ಇನ್ನೂ ಬಲಿತಿಲ್ಲ” ಅಂದರು.

ಬೇರೆ ಯಾರೇ ಆಗಿದ್ದರೂ ಮುಖ ಬಾಡುತ್ತಿತ್ತು. ಕಾರ್ಡಣ್ಣನ ಮುಖ ಅರಳಿತು.

“ಬಲಿತರೆ ಆಪರೇಷನ್ನೇ ಅಲ್ವಾ ಸಾರ್?”

“ಹೌದು. ಇಲ್ಲೇ ಉಚಿತ. ಅಲ್ಲೀವರೆಗೂ ಒಂದು ಕನ್ನಡಕ ಹಾಕ್ಕೊಳ್ಳಿ.”

ಎರಡನೆಯ ಮಾತು ಅವರ ಕಿವಿಗೆ ಬೀಳಲೇ ಇಲ್ಲ. ಸಂಜೆಯೊಳಗೆ ಟೀ ಅಂಗಡಿ, ಹೇರ್ ಕಟಿಂಗ್ ಸೆಲೂನು, ಗಣಪತಿ ಗುಡಿ ಎಲ್ಲ ಕಡೆ ಸುದ್ದಿ ಮುಟ್ಟಿತ್ತು: ಎರಡೂ ಕಣ್ಣಿಗೆ ಪೊರೆ ಮಂಜೂರಾಗಿದೆ, ಬಲಿಯುವುದೊಂದೇ ಬಾಕಿ. ಆಪರೇಷನ್ ಹೇಗೂ ಉಚಿತವಂತಲ್ಲ, ಮತ್ತೆ ಕಾರ್ಡು ಯಾಕೆ ಅಂತ ಯಾರೋ ಕೇಳಿದ್ದಕ್ಕೆ, “ಹಾಗೆಲ್ಲ ಬಿಡೋಕಾಗುತ್ತಾ? ಹಾಕ್ಸೇ ಹಾಕ್ಸೋದು” ಅಂದರಂತೆ.

ಮನೆಗೆ ಬಂದವರೇ ಚೀಟಿಯನ್ನು ಕಾರ್ಡುಗಳ ನಡುವೆ ಸೇರಿಸಿ, ಆಪರೇಷನ್ ಪಟ್ಟಿ ಓದಲು ಕೂತರು.

“ಓದಿದ್ದು ಸಾಕು, ನನ್ನ ಕನ್ನಡಕ ಕೊಡಿ,” ಅಂದರು ಹೆಂಡತಿ. “ಅಕ್ಕಿ ಆರಿಸಬೇಕು.”