ಕಾರ್ಪೆಟ್‌ಗೆ ವಾರಂಟಿ, ಹುಳಿಗಿಲ್ಲ

ಅಮೆರಿಕದ ಎಷ್ಟೋ ಮನೆಗಳಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್. ಅದನ್ನು ಮಾರುವವರು ಬಾಯ್ತುಂಬ ಹೇಳುವುದು ‘ಲೈಫ್‌ಟೈಮ್ ವಾರಂಟಿ’. ಯಾರ ಲೈಫು ಸ್ವಾಮಿ ಎಂದು ಕೇಳಿ ನೋಡಿ! ಎಷ್ಟೋ ಸಲ ಅದು ಮೊದಲು ಕೊಂಡವರು ಆ ಮನೆಯಲ್ಲಿ ಇರುವಷ್ಟು ಕಾಲ ಮಾತ್ರ. ಮನೆ ಮಾರಿದಿರೋ, ವಾರಂಟಿಗೆ ಎಳ್ಳುನೀರು.

ಕಲೆಯ ವಾರಂಟಿ ಇನ್ನೂ ಸ್ವಾರಸ್ಯ. ಕಣ್ಣಿಗೆ ಕಾಣದ ಅಕ್ಷರದಲ್ಲಿ ಯಾವುದಕ್ಕೆಲ್ಲ ಅನ್ವಯಿಸದು ಎಂಬ ಪಟ್ಟಿ ಇರುತ್ತದೆ: ವಾಂತಿ, ಬ್ಲೀಚ್, ಬಿಸಿ ಕಾಫಿ, ಮಸ್ಟರ್ಡ್, ಹೀಗೆ. ಉಳಿದದ್ದೇನು, ತಣ್ಣೀರೇ? ಹಾಟ್‌ಡಾಗ್ ಮೇಲೆ ಸುರಿಯುವ ಆ ಹಳದಿ ಮಸ್ಟರ್ಡ್ ಸಾಸಿಗೆ ಬಣ್ಣ ಕೊಡುವುದು ನಮ್ಮ ಅರಿಸಿನವೇ. ಅದರ ಕರ್ಕ್ಯುಮಿನ್ ಎಂಬ ಬಣ್ಣ ಕಾರ್ಪೆಟ್ಟಿನ ನೈಲಾನ್ ಎಳೆಗೆ ಹಿಡಿದರೆ ಸುಲಭಕ್ಕೆ ಬಿಡುವ ಜಾತಿಯಲ್ಲ. ಅಂದಮೇಲೆ ಡಲ್ಲಾಸಿನ ಕನ್ನಡಿಗರ ಮನೆಯಲ್ಲಿ ಚೆಲ್ಲಿದ ಹುಳಿಯ ಗತಿಯನ್ನು ಬೇರೆ ಹೇಳಬೇಕೆ?

ಸವೆತದ ವಾರಂಟಿಗೆ ಎಳೆಗಳು ಕಿತ್ತು ಹೋಗಿರಬೇಕು, ಸಾಮಾನ್ಯವಾಗಿ ತೂಕದಲ್ಲಿ ಶೇ. 10ರಷ್ಟು. ಹಪ್ಪಳದಂತೆ ಚಪ್ಪಟೆಯಾದರೆ ಅದು ಸವೆತವಲ್ಲ, ವಿಶ್ರಾಂತಿ! ಮೆಟ್ಟಿಲಿನದಂತೂ ಅನೇಕ ವಾರಂಟಿಗಳಲ್ಲಿ ಲೆಕ್ಕಕ್ಕೇ ಇಲ್ಲ. ಜನ ಜಾಸ್ತಿ ತುಳಿಯುವುದು ಅಲ್ಲೇ ಎಂಬುದು ಬೇರೆ ಮಾತು.

ಕ್ಲೇಮ್ ಹಾಕಿದಿರಿ ಅನ್ನಿ. ಒಂದೂವರೆ ವರ್ಷಕ್ಕೊಮ್ಮೆಯಾದರೂ ವೃತ್ತಿಪರರಿಂದ ಬಿಸಿನೀರಿನಲ್ಲಿ ತೊಳೆಸಿದ ರಸೀತಿ ಎಲ್ಲಿ ಎನ್ನುತ್ತಾರೆ. ವರ್ಷ ಉರುಳಿದಂತೆ ಪರಿಹಾರದ ಮೊತ್ತವೂ ಕರಗುತ್ತದೆ.

1975ರ ಮ್ಯಾಗ್ನಸನ್–ಮಾಸ್ ಕಾಯ್ದೆಯ ನಿಯಮದಂತೆ ಅಲ್ಲಿ ವಾರಂಟಿ ಪತ್ರವನ್ನು ಕೊಳ್ಳುವ ಮೊದಲೇ ಓದಲು ಕೊಡಬೇಕು. ಸಂಕೋಚ ಬಿಟ್ಟು ಕೇಳಿ, ರಸೀತಿಗಳಿಗೊಂದು ಫೈಲು ಮಾಡಿ. ಹುಳಿಯನ್ನು ಮಾತ್ರ ಅಡುಗೆಮನೆಯ ಟೈಲ್ಸ್ ಮೇಲೇ ಬಡಿಸಿ.