ಸಂಪುಟೋಹಾಶಾಸ್ತ್ರ ಪ್ರವೇಶಿಕೆ

ಮರು ಆಯ್ಕೆಯಾದ ಅಮೆರಿಕದ ಅಧ್ಯಕ್ಷರ ಎರಡನೇ ಅವಧಿಯಲ್ಲಿ ಯಾವ ಸಚಿವರು ಹೋಗುತ್ತಾರೆ, ಆ ಕುರ್ಚಿಗೆ ಯಾರು ಬರುತ್ತಾರೆ ಎಂಬುದನ್ನು ಆ ಇಬ್ಬರಿಗೂ ತಿಳಿಯುವ ಮೊದಲೇ ನಿರ್ಣಯಿಸುವ ವಿದ್ಯೆಗೆ ಸಂಪುಟೋಹಾಶಾಸ್ತ್ರವೆಂದು ಹೆಸರು. ನವೆಂಬರ್ ಮೊದಲ ಭಾಗದಲ್ಲಿ ಮತ ಎಣಿಕೆ ಮುಗಿದ ರಾತ್ರಿಯೇ ಇದರ ಋತು ಶುರು. ಜನವರಿ 20ರ ಪ್ರಮಾಣವಚನವನ್ನೂ ದಾಟಿ, ಸೆನೆಟ್ಟಿನ ಕೊನೆಯ ಅನುಮೋದನೆಯವರೆಗೆ ಅದು ನಡೆಯುತ್ತದೆ. 1951ರಲ್ಲಿ ಜಾರಿಗೆ ಬಂದ 22ನೇ ತಿದ್ದುಪಡಿಯ ಪ್ರಕಾರ ಅಧ್ಯಕ್ಷರು ಮೂರನೇ ಸಲ ಆಯ್ಕೆಯಾಗುವಂತಿಲ್ಲ. ಮತದಾರನ ಹಂಗು ತೀರಿದ ಮನುಷ್ಯ ಯಾರನ್ನು ಬೇಕಾದರೂ ಕೈಬಿಟ್ಟಾನು ಎಂಬುದು ಶಾಸ್ತ್ರದ ಮೂಲ ನಂಬಿಕೆ.

ಅಧ್ಯಯನದ ವಸ್ತುವೇ ಸ್ವಲ್ಪ ಮಾಯೆಯದು. ಅಮೆರಿಕದ ಸಂವಿಧಾನ ಸಂಪುಟ ಎಂಬುದೊಂದನ್ನು ಹೆಸರಿಸುವುದೇ ಇಲ್ಲ. ಇಲಾಖೆಗಳ ಮುಖ್ಯಸ್ಥರಿಂದ ಅಧ್ಯಕ್ಷರು ಲಿಖಿತ ಅಭಿಪ್ರಾಯ ಕೇಳಬಹುದು ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಜಾರ್ಜ್ ವಾಷಿಂಗ್ಟನ್ ಅವರು ನಾಲ್ವರೊಡನೆ ಆರಂಭಿಸಿದ್ದು ಈಗ 15 ಇಲಾಖೆಗಳಾಗಿದೆ. ಹೀಗೆ ಸಂವಿಧಾನದಲ್ಲಿ ಹೆಸರಿಲ್ಲದ ಸಂಸ್ಥೆಯಲ್ಲಿ, ಇನ್ನೂ ಖಾಲಿಯಾಗದ ಹುದ್ದೆಗೆ, ಅರ್ಜಿ ಹಾಕದ ಅಭ್ಯರ್ಥಿಯನ್ನು ಗುರುತಿಸುವುದು ಊಹಾಕಾರನ ಕರ್ತವ್ಯ. ಕರ್ನಾಟಕದ ಸಂಪುಟ ಪುನಾರಚನೆಯ ಸುದ್ದಿ ಓದಿ ಪಳಗಿದ ವಿದ್ಯಾರ್ಥಿ ಇಲ್ಲಿ ಒಂದು ಅಭ್ಯಾಸ ಬಿಡಬೇಕು: ಅಮೆರಿಕದಲ್ಲಿ ಸಚಿವರಾಗಲು ಶಾಸಕರಾಗಬೇಕಿಲ್ಲ, ಆಗಿದ್ದರೆ ಆ ಸ್ಥಾನ ಬಿಟ್ಟೇ ಬರಬೇಕು.

ಪ್ರಮಾಣಗಳ, ಅಂದರೆ ಜ್ಞಾನಸಾಧನಗಳ, ವಿಚಾರದಲ್ಲಿ ಈ ಶಾಸ್ತ್ರ ಭಾಟ್ಟ ಮೀಮಾಂಸಕರ ಆರನ್ನೂ ಒಪ್ಪುತ್ತದೆ, ಆದರೆ ಪ್ರತ್ಯಕ್ಷಕ್ಕೆ ಮರ್ಯಾದೆ ಕಡಿಮೆ. ಸಚಿವರು ಎಂದಿನಂತೆ ಬೆಳಗ್ಗೆ ಕಚೇರಿಗೆ ಬಂದು ಕಡತ ನೋಡುತ್ತಿರುವುದು ಕಣ್ಣಾರೆ ಕಂಡರೂ ಅದರಿಂದ ಏನೂ ಸಿದ್ಧವಾಗುವುದಿಲ್ಲ. ಉಪಮಾನಕ್ಕೆ, ಅಂದರೆ ‘ಹಿಂದಿನ ಅಧ್ಯಕ್ಷರ ಕಾಲದಲ್ಲೂ ಹೀಗೇ ಆಗಿತ್ತು’ ಎಂಬ ವಾದಕ್ಕೆ, ಪುಟ ತುಂಬಿಸುವ ಉಪಯೋಗವಿದೆ. ಬಲವಾದದ್ದು ಅರ್ಥಾಪತ್ತಿ. ದೇವದತ್ತ ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ, ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂಬ ಹಳೆಯ ಉದಾಹರಣೆ ಇಲ್ಲಿ ಹೀಗೆ ಮಾರ್ಪಡುತ್ತದೆ: ಸಚಿವರು ರಾಜೀನಾಮೆ ಕೊಟ್ಟಿಲ್ಲ, ಕೊಡುವುದಿಲ್ಲ ಎಂದೂ ಹೇಳಿಲ್ಲ, ಆದ್ದರಿಂದ ಬರೆದು ಮೇಜಿನ ಖಾನೆಯಲ್ಲಿ ಇಟ್ಟಿದ್ದಾರೆ.

ಇದನ್ನು ನಕ್ಕು ತಳ್ಳಿಹಾಕುವಂತಿಲ್ಲ. 2004ರ ನವೆಂಬರ್ 2ರಂದು, ಜಾರ್ಜ್ ಡಬ್ಲ್ಯು. ಬುಷ್ ಅವರ ಮರು ಆಯ್ಕೆಗೆ ಮತದಾನ ನಡೆದ ದಿನವೇ, ಅಟಾರ್ನಿ ಜನರಲ್ ಜಾನ್ ಆಶ್‌ಕ್ರಾಫ್ಟ್ ಐದು ಪುಟಗಳ ರಾಜೀನಾಮೆಯನ್ನು ಸ್ವಂತ ಕೈಬರಹದಲ್ಲಿ ಬರೆದಿದ್ದರು. ಗುಟ್ಟು ಉಳಿಯಲೆಂದೇ ಕೈಯಿಂದ ಬರೆದಿದ್ದೇನೆ ಎಂದು ಪತ್ರದಲ್ಲೇ ಒಂದು ಮಾತು ಸೇರಿಸಿದ್ದರು. ದೇಶದ ಕಾನೂನು ಇಲಾಖೆಯ ಯಜಮಾನರಿಗೂ ಬೆರಳಚ್ಚಿನ ಮೇಲೆ ನಂಬಿಕೆಯಿಲ್ಲದ ಊರಿನಲ್ಲಿ ಊಹಾಕಾರನ ಬಾಳು ಎಷ್ಟು ಕಷ್ಟವೆಂಬುದು ಇದರಿಂದ ತಿಳಿಯುತ್ತದೆ. ಅಮೆರಿಕನ್ನರನ್ನು ಅಪರಾಧ ಮತ್ತು ಭಯೋತ್ಪಾದನೆಯಿಂದ ಕಾಪಾಡುವ ಗುರಿ ಸಾಧಿಸಿಯಾಗಿದೆ ಎಂಬ ವಾಕ್ಯವೂ ಆ ಪತ್ರದಲ್ಲಿತ್ತು. ‘ಮನೆಯವರೊಡನೆ ಹೆಚ್ಚು ಕಾಲ ಕಳೆಯಬೇಕು’ ಎಂಬುದೇ ರೂಢಿಯ ಕಾರಣವಾದ ಪ್ರಕಾರದಲ್ಲಿ ‘ಕೆಲಸ ಮುಗಿಯಿತು’ ಎಂದು ಹೊರಟವರು ವಿರಳ. ಪತ್ರ ಬೆಳಕಿಗೆ ಬಂದದ್ದು ನವೆಂಬರ್ 9ರಂದು.

ಶಬ್ದಪ್ರಮಾಣದಲ್ಲಿ ಎರಡು ಬಗೆ. ಮೊದಲನೆಯದು ಹೆಸರು ಹೇಳಲು ಇಷ್ಟಪಡದ ಹಿರಿಯ ಅಧಿಕಾರಿಯ ವಾಕ್ಯ. ನ್ಯಾಯಶಾಸ್ತ್ರದಲ್ಲಿ ಹೇಳುವವನು ಸತ್ಯವಂತನಾಗಿರಬೇಕು, ಇಲ್ಲಿ ಅನಾಮಧೇಯನಾಗಿದ್ದರೆ ಸಾಕು. ಈ ಅಧಿಕಾರಿಗೆ ಆ ಹುದ್ದೆಯ ಮೇಲೆ ತನಗೇ ಕಣ್ಣಿರುವ ಸಾಧ್ಯತೆಯನ್ನು ಶಾಸ್ತ್ರ ಸೌಜನ್ಯದಿಂದ ಚರ್ಚಿಸುವುದಿಲ್ಲ. ಎರಡನೆಯದು ಸಾಕ್ಷಾತ್ ಅಧ್ಯಕ್ಷರ ಅಭಯವಾಕ್ಯ. ಇದಕ್ಕೆ ವಾಚ್ಯಾರ್ಥ ಹೇಳಬೇಕೋ ವಿಪರೀತಲಕ್ಷಣೆ, ಅಂದರೆ ತದ್ವಿರುದ್ಧವಾದ ಅರ್ಥ, ಹೇಳಬೇಕೋ ಎಂಬ ಜಗಳ ಇನ್ನೂ ಇತ್ಯರ್ಥವಾಗಿಲ್ಲ. ವಿಪರೀತವಾದಿಗಳ ಕೈಯಲ್ಲಿರುವ ದೊಡ್ಡ ಅಸ್ತ್ರ ಡೊನಾಲ್ಡ್ ರಮ್ಸ್‌ಫೆಲ್ಡ್. ಇರಾಕಿನ ಅಬು ಗ್ರೈಬ್ ಸೆರೆಮನೆಯ ಕೈದಿಗಳಿಗೆ ಅಮೆರಿಕದ ಸೈನಿಕರು ಕೊಟ್ಟ ಹಿಂಸೆಯ ಚಿತ್ರಗಳು ಹೊರಬಂದ 2004ರಿಂದಲೂ ಈ ರಕ್ಷಣಾ ಸಚಿವರು ಹೋದರು ಹೋದರು ಎನ್ನುತ್ತ ಎಷ್ಟೋ ಊಹೆಗಳು ಮುಪ್ಪಾದವು. 2006ರ ನವೆಂಬರ್ ಮೊದಲ ದಿನ ಬುಷ್, ರಮ್ಸ್‌ಫೆಲ್ಡ್ ತಮ್ಮ ಅವಧಿಯ ಕೊನೆಯವರೆಗೂ ಇರುತ್ತಾರೆ ಎಂದರು. ಮಧ್ಯಂತರ ಚುನಾವಣೆಯ ಮರುದಿನ, ನವೆಂಬರ್ 8ರಂದು, ಅವರ ನಿರ್ಗಮನವನ್ನೂ ತಾವೇ ಪ್ರಕಟಿಸಿದರು. ಅಭಯದ ಆಯುಸ್ಸು ಒಂದು ವಾರ.

ಶಾಸ್ತ್ರದ ಇತಿಹಾಸ ಬಹಳ ಹಿಂದಕ್ಕೆ ಹೋದರೂ ಅದರಲ್ಲಿ ಓದಲು ಯೋಗ್ಯವಾದ ಅಧ್ಯಾಯಗಳು ಕೆಲವೇ. ವಾಷಿಂಗ್ಟನ್ ಅವರ ಎರಡನೇ ಅವಧಿಯಲ್ಲಿ ಥಾಮಸ್ ಜೆಫರ್ಸನ್ 1793ರ ಕೊನೆಗೆ ಹೊರಟರು, ಅಲೆಕ್ಸಾಂಡರ್ ಹ್ಯಾಮಿಲ್ಟನ್ 1795ರ ಆರಂಭದಲ್ಲಿ. ಅದೇ ವರ್ಷ ವಿದೇಶಾಂಗ ಹುದ್ದೆ ಮತ್ತೆ ಖಾಲಿಯಾದಾಗ ಪ್ಯಾಟ್ರಿಕ್ ಹೆನ್ರಿ ಸೇರಿ ಹಲವರು ಬೇಡವೆಂದರು. ಇನ್ನು ಯಾರನ್ನು ತರಲಿ ಎಂದು ರಾಷ್ಟ್ರಪಿತರು ಹ್ಯಾಮಿಲ್ಟನ್ ಅವರಿಗೇ ಪತ್ರ ಬರೆದು ಕೇಳಬೇಕಾಯಿತು. ಕೊನೆಗೆ ಸಿಕ್ಕವರು ಟಿಮೊತಿ ಪಿಕರಿಂಗ್. ಹುದ್ದೆ ಇದ್ದರೆ ಆಕಾಂಕ್ಷಿ ಇದ್ದೇ ಇರುತ್ತಾನೆ ಎಂಬ ಶಾಸ್ತ್ರದ ಸೂತ್ರಕ್ಕೆ ಈ ಘಟನೆ ತೊಡಕಾದ್ದರಿಂದ ಪಠ್ಯಗಳಲ್ಲಿ ಇದಕ್ಕೆ ಪ್ರಚಾರವಿಲ್ಲ.

ರಿಚರ್ಡ್ ನಿಕ್ಸನ್ ಊಹೆಯ ಕಷ್ಟವನ್ನೇ ತಪ್ಪಿಸಿದರು. 1972ರಲ್ಲಿ 49 ರಾಜ್ಯ ಗೆದ್ದ ಮರುದಿನ ಸಚಿವರನ್ನು ಕರೆದು ವಂದನೆ ಹೇಳಿ ಎದ್ದುಹೋದರು, ಬಳಿಕ ಸಿಬ್ಬಂದಿ ಮುಖ್ಯಸ್ಥ ಎಚ್.ಆರ್. ಹಾಲ್ಡೆಮನ್ ಎಲ್ಲರ ರಾಜೀನಾಮೆ ಕೇಳಿದರು. ಯಾರು ಹೋಗುತ್ತಾರೆ ಎಂಬ ಪ್ರಶ್ನೆಗೆ ‘ಎಲ್ಲರೂ’ ಎಂಬ ಉತ್ತರ ಬಂದರೆ ಶಾಸ್ತ್ರ ನಿಲ್ಲುವುದೆಲ್ಲಿ? ಆ ಮೇಲೆ ಯಾರು ಉಳಿಯುತ್ತಾರೆ ಎಂದು ಊಹಿಸುತ್ತ ಪಂಡಿತರು ಅಧ್ಯಕ್ಷರ ವಿಶ್ರಾಂತಿಧಾಮವಾದ ಕ್ಯಾಂಪ್ ಡೇವಿಡ್‌ನತ್ತ ಕಿವಿಯಿಟ್ಟರು. ಎಲ್ಲರ ರಾಜೀನಾಮೆ ಕೇಳಿದವರೇ 1974ರ ಆಗಸ್ಟ್‌ನಲ್ಲಿ ತಮ್ಮದನ್ನು ಕೊಡುತ್ತಾರೆಂಬುದು ಮಾತ್ರ ಆಗಿನ ಯಾವ ಲೆಕ್ಕಕ್ಕೂ ಎಟುಕುವಂತಿರಲಿಲ್ಲ. 1985ರ ಆರಂಭದಲ್ಲಿ ರೊನಾಲ್ಡ್ ರೇಗನ್ ಅವರ ಖಜಾನೆ ಸಚಿವ ಡೊನಾಲ್ಡ್ ರೀಗನ್ ಮತ್ತು ಸಿಬ್ಬಂದಿ ಮುಖ್ಯಸ್ಥ ಜೇಮ್ಸ್ ಬೇಕರ್ ಪರಸ್ಪರ ಕುರ್ಚಿ ಬದಲಿಸಿಕೊಂಡರು. ಬಂದವರೂ ಇಲ್ಲ, ಹೋದವರೂ ಇಲ್ಲ. ಬದಲಾವಣೆ ಮಾತ್ರ ಎರಡು.

ಈ ಉದಾಹರಣೆಯಿಂದ ಹುಟ್ಟಿದ್ದೇ ಶಾಸ್ತ್ರದ ಏಕೈಕ ಉಪಯುಕ್ತ ನಿಯಮ, ಪಕ್ಕದ ಕೋಣೆ ನಿಯಮ. ಊಹಾಕಾರರು ರಾಜ್ಯಪಾಲರು, ಬ್ಯಾಂಕರುಗಳು, ನಿವೃತ್ತ ಸೇನಾಪತಿಗಳೆಂದು ದೇಶವೆಲ್ಲ ಅಲೆದು ಹೆಸರು ಕಲೆಹಾಕುತ್ತಾರೆ. ನಾಲ್ಕು ವರ್ಷ ದಣಿದ ಅಧ್ಯಕ್ಷರಿಗೆ ಹೊಸ ಮುಖಗಳ ಪರಿಚಯ ಮಾಡಿಕೊಳ್ಳುವ ಉತ್ಸಾಹ ಇರುವುದಿಲ್ಲ. ಪಕ್ಕದ ಕೋಣೆಯ ಬಾಗಿಲು ತಟ್ಟುತ್ತಾರೆ. 2004-05ರಲ್ಲಿ ಬುಷ್ 15 ಇಲಾಖೆಗಳಲ್ಲಿ 9ಕ್ಕೆ ಹೊಸಬರನ್ನು ತಂದರು. ಕಾಲಿನ್ ಪೊವೆಲ್ ಅವರ ಜಾಗಕ್ಕೆ ಬಂದ ಕಾಂಡೊಲೀಸಾ ರೈಸ್ ಶ್ವೇತಭವನದ ಭದ್ರತಾ ಸಲಹೆಗಾರ್ತಿ, ಆಶ್‌ಕ್ರಾಫ್ಟ್ ಜಾಗಕ್ಕೆ ಬಂದ ಆಲ್ಬರ್ಟೊ ಗೊನ್ಸಾಲೆಸ್ ಶ್ವೇತಭವನದ ವಕೀಲ, ಶಿಕ್ಷಣಕ್ಕೆ ಬಂದ ಮಾರ್ಗರೆಟ್ ಸ್ಪೆಲಿಂಗ್ಸ್ ಅಲ್ಲಿಯದೇ ದೇಶೀಯ ನೀತಿಯ ಸಲಹೆಗಾರ್ತಿ. ವಾಣಿಜ್ಯ ಇಲಾಖೆಗೆ ಕೆಲಾಗ್ ಕಂಪನಿಯ ಮುಖ್ಯಸ್ಥ ಕಾರ್ಲೋಸ್ ಗುಟಿಯರೆಜ್ ಬಂದದ್ದು ಅಪವಾದ. ಬಿಲ್ ಕ್ಲಿಂಟನ್ ತಮ್ಮ ಎರಡನೇ ಅವಧಿಗೆ ರಿಪಬ್ಲಿಕನ್ ಪಕ್ಷದ ವಿಲಿಯಂ ಕೊಹೆನ್ ಅವರನ್ನು ರಕ್ಷಣಾ ಸಚಿವರನ್ನಾಗಿ ತಂದದ್ದು ಇನ್ನೂ ದೊಡ್ಡ ಅಪವಾದ; ಪ್ರತಿ ಊಹಾಪಟ್ಟಿಯಲ್ಲೂ ಎದುರು ಪಕ್ಷದ ಒಂದು ಹೆಸರು ಕಡ್ಡಾಯವಾಗಿ ಕಾಣಿಸಲು ಇಂಥ ನೇಮಕಗಳೇ ಆಧಾರ.

ಬರಾಕ್ ಒಬಾಮ ಅವರ 2012-13ರ ಋತು ಎರಡು ಕಾರಣಗಳಿಗೆ ವಿಶೇಷ ಅಧ್ಯಯನಕ್ಕೆ ಅರ್ಹ. ಹಿಲರಿ ಕ್ಲಿಂಟನ್ ಅವರ ನಂತರ ವಿದೇಶಾಂಗಕ್ಕೆ ವಿಶ್ವಸಂಸ್ಥೆಯಲ್ಲಿ ರಾಯಭಾರಿಯಾಗಿದ್ದ ಸುಸಾನ್ ರೈಸ್ ಎಂಬ ಊಹೆ ಎಷ್ಟು ಗಟ್ಟಿಯಾಯಿತೆಂದರೆ, ಲಿಬಿಯಾದ ಬೆಂಘಾಜಿಯಲ್ಲಿ ಅಮೆರಿಕದ ರಾಯಭಾರ ನೆಲೆಯ ಮೇಲಾದ ದಾಳಿಯ ಬಗ್ಗೆ ಅವರಾಡಿದ ಮಾತು ಹಿಡಿದು ಸೆನೆಟ್ಟಿನ ವಿರೋಧಿಗಳು ನೇಮಕಕ್ಕೆ ಮೊದಲೇ ಅದನ್ನು ತಡೆಯಲು ಹೊರಟರು. ಡಿಸೆಂಬರ್ 13ರಂದು ರೈಸ್ ತಮ್ಮ ಹೆಸರು ಹಿಂಪಡೆದರು. ಯಾರೂ ಕೊಡದ ಹುದ್ದೆಯನ್ನು ಪತ್ರ ಬರೆದು ಬಿಟ್ಟುಕೊಡುವ ಈ ಕ್ರಮವೇ ಶಾಸ್ತ್ರದ ಅತ್ಯುನ್ನತ ಸಾಧನೆ: ಊಹೆಯೇ ನೇಮಕ ಮಾಡಿ, ಊಹೆಯೇ ವಿಚಾರಣೆ ನಡೆಸಿ, ಊಹೆಯೇ ವಜಾ ಮಾಡಿತು. ಮುಂದಿನ ವರ್ಷ ಅವರು ಸೆನೆಟ್ಟಿನ ಒಪ್ಪಿಗೆ ಬೇಡದ ಭದ್ರತಾ ಸಲಹೆಗಾರ್ತಿಯ ಕೋಣೆಗೆ ಬಂದರು. ಎರಡನೆಯದು ಖಜಾನೆಗೆ ಬಂದ ಜ್ಯಾಕ್ ಲ್ಯೂ ಅವರ ಸಹಿ. ಸಿಬ್ಬಂದಿ ಮುಖ್ಯಸ್ಥರಾಗಿದ್ದ ಇವರೂ ಪಕ್ಕದ ಕೋಣೆಯವರೇ, ಆದರೆ ಖಜಾನೆ ಸಚಿವರ ಸಹಿ ನೋಟಿನ ಮೇಲೆ ಅಚ್ಚಾಗುತ್ತದೆ, ಲ್ಯೂ ಸಹಿಯೋ ಸಾಲಾಗಿ ಹೊಯ್ದ ಜಿಲೇಬಿ. ಒಂದಕ್ಷರವಾದರೂ ಓದಲು ಬರುವಂತೆ ಮಾಡುತ್ತೇನೆಂದು ಅವರು ಮಾತು ಕೊಟ್ಟಿದ್ದಾರೆ ಎಂದು ಒಬಾಮ ಹೆಸರು ಪ್ರಕಟಿಸುವಾಗಲೇ ತಮಾಷೆ ಮಾಡಿದರು. ಅಭ್ಯರ್ಥಿಯ ಅರ್ಥನೀತಿಗಿಂತ ಹಸ್ತಾಕ್ಷರ ಹೆಚ್ಚು ಪರೀಕ್ಷೆಗೊಳಗಾದ ಋತು ಅದು.

ಊಹೆ ಫಲಿಸಿ ಹೆಸರು ಪ್ರಕಟವಾದರೂ ಗಂಡಾಂತರ ಮುಗಿಯದು. 2004ರ ಡಿಸೆಂಬರ್ 3ರಂದು ಒಳನಾಡು ಭದ್ರತೆಗೆ ಹೆಸರಿಸಲ್ಪಟ್ಟ ನ್ಯೂಯಾರ್ಕಿನ ಮಾಜಿ ಪೊಲೀಸ್ ಆಯುಕ್ತ ಬರ್ನಾರ್ಡ್ ಕೆರಿಕ್, ಮನೆಯ ದಾದಿಯ ವಲಸೆ ಕಾಗದ ಮತ್ತು ತೆರಿಗೆಯ ಪ್ರಶ್ನೆ ಎದ್ದು ಡಿಸೆಂಬರ್ 10ಕ್ಕೆ ಹಿಂದೆ ಸರಿದರು. 1959ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರ ವಾಣಿಜ್ಯ ಸಚಿವ ಲೂಯಿಸ್ ಸ್ಟ್ರಾಸ್ ಅವರನ್ನು ಸೆನೆಟ್ 49-46 ಮತಗಳಿಂದ ತಿರಸ್ಕರಿಸಿತು. ಅವರಾಗಲೇ ತಿಂಗಳುಗಟ್ಟಲೆ ಆ ಕುರ್ಚಿಯಲ್ಲಿ ಕೂತು ಕೆಲಸ ಮಾಡುತ್ತಿದ್ದರು. ಸೆನೆಟರ್ ಒಬ್ಬರು ಸಚಿವರಾದರೆ ಶಾಸ್ತ್ರಕ್ಕೆ ಉಪಶಾಖೆಯೂ ಹುಟ್ಟುತ್ತದೆ: ಜಾನ್ ಕೆರಿ ವಿದೇಶಾಂಗಕ್ಕೆ ಹೋದ ಮೇಲೆ ಮ್ಯಾಸಚೂಸೆಟ್ಸಿನ ಅವರ ಸ್ಥಾನಕ್ಕೆ ಮೊದಲು ಮೋ ಕೋವನ್ ನೇಮಕಗೊಂಡು, ಉಪಚುನಾವಣೆ ನಡೆದು, ಎಡ್ ಮಾರ್ಕಿ ಬಂದರು. ಒಂದು ಕುರ್ಚಿಯ ಊಹೆಗೆ ಆರು ತಿಂಗಳ ಉದ್ಯೋಗ.

ಗ್ರೋವರ್ ಕ್ಲೀವ್‌ಲೆಂಡ್ ಮತ್ತು ಡೊನಾಲ್ಡ್ ಟ್ರಂಪ್ ಅವರಂತೆ ನಡುವೆ ಸೋತು ಮತ್ತೆ ಗೆದ್ದವರ ಪ್ರಕರಣ ಈ ಶಾಸ್ತ್ರದ ಎಲ್ಲೆಯೊಳಗೆ ಬರುವುದೇ ಎಂಬ ವಿವಾದವಿದೆ. ಅಲ್ಲಿ ಹೋಗುವವರೆಲ್ಲ ಹಿಂದಿನ ಸರ್ಕಾರದವರೇ ಆದ್ದರಿಂದ ಅರ್ಧ ಶಾಸ್ತ್ರಕ್ಕೆ ರಜೆ. ಉಳಿದರ್ಧಕ್ಕೆ ಮಾತ್ರ ಕೈತುಂಬ ಕೆಲಸ: 2024ರ ನವೆಂಬರ್ 13ರಂದು ಅಟಾರ್ನಿ ಜನರಲ್ ಹುದ್ದೆಗೆ ಹೆಸರಾದ ಮ್ಯಾಟ್ ಗೇಟ್ಸ್ 21ರಂದು ಹಿಂದೆ ಸರಿದರು.

ಕೊನೆಯದಾಗಿ ವರ್ಗೀಕರಣ. ಸಚಿವರಲ್ಲಿ ಜಂಗಮ, ಸ್ಥಾವರ ಎಂದು ಎರಡು ಜಾತಿ. ಜಂಗಮರ ಬಗ್ಗೆ ಈವರೆಗೆ ಹೇಳಿದ್ದಾಯಿತು. ಸ್ಥಾವರರು ಬಹುತೇಕ ಕಾರ್ಮಿಕ, ಕೃಷಿ, ಆರೋಗ್ಯದಂಥ ಇಲಾಖೆಗಳಲ್ಲಿ ಸಿಗುತ್ತಾರೆ. ಬುಷ್ ಅವರ ಕಾರ್ಮಿಕ ಸಚಿವೆ ಎಲೇನ್ ಚಾವೊ ಮತ್ತು ಕ್ಲಿಂಟನ್ ಅವರ ಆರೋಗ್ಯ ಸಚಿವೆ ಡೊನಾ ಶಲೇಲಾ ಎರಡೂ ಅವಧಿ ಕಳೆದರು. ಕೃಷಿ ಸಚಿವ ಜೇಮ್ಸ್ ವಿಲ್ಸನ್ 1897ರಿಂದ 1913ರವರೆಗೆ ಮೆಕಿನ್ಲಿ, ಥಿಯೋಡರ್ ರೂಸ್ವೆಲ್ಟ್, ಟಾಫ್ಟ್ ಎಂಬ ಮೂವರು ಅಧ್ಯಕ್ಷರ ಕೈಕೆಳಗೆ 16 ವರ್ಷ ಒಂದೇ ಕುರ್ಚಿಯಲ್ಲಿದ್ದರು. ಅಷ್ಟು ದೀರ್ಘಕಾಲ ಸಚಿವರಾಗಿದ್ದವರು ಅಮೆರಿಕದಲ್ಲಿ ಬೇರೆ ಯಾರೂ ಇಲ್ಲ. ಊಹೆಗೆ ಅವಕಾಶ ಕೊಡದ ಇಂಥವರನ್ನು ಶಾಸ್ತ್ರವು ಪಠ್ಯಕ್ರಮದಿಂದ ಕೈಬಿಟ್ಟಿದೆ.